ಮುದ್ದೆಯ ಲೆಕ್ಕ, ಬೆವರಿನ ಲೆಕ್ಕ



ಮೈತೂಕ ಇಳಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ರಾತ್ರಿಯ ಊಟ ಬಿಡುತ್ತಾರೆ. ಇನ್ನು ಕೆಲವರು ಊಟವನ್ನು ಹಾಗೆಯೇ ಉಳಿಸಿಕೊಂಡು ಬೆಳಗಿನ ಜಾವ ಎದ್ದು ಓಡುತ್ತಾರೆ. ಊಟವೂ ದುಡಿಮೆಯೂ ಬೇರೆ ಬೇರೆ ವಿಷಯಗಳೆಂಬ ಈ ಭಾವನೆ ನಮ್ಮಲ್ಲಿ ಬಂದದ್ದು ತೀರಾ ಈಚೆಗೆ. ಅದು ಹೇಗೆ ಬಂತೆಂದು ತಿಳಿಯಲು ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರವಾದ ದುದ್ದದಂತಹ ಒಂದು ಊರಿನ ಅಡುಗೆಮನೆಯಿಂದ ಹೊರಡೋಣ.

ಈ ಸೀಮೆಯಲ್ಲಿ 'ಹಿಟ್ಟು' ಎಂದರೆ ರಾಗಿ ಮುದ್ದೆ. ಹಿಂದೆ ಒಂದು ಮುದ್ದೆ ತಟ್ಟೆಗೆ ಬರುವ ಮೊದಲು ಎಷ್ಟು ಮೈ ದಣಿಯಬೇಕಾಗಿತ್ತು, ನೀವೇ ಎಣಿಸಿ ನೋಡಿ. ಹೊಲ ಉಳಬೇಕು, ಕುಂಟೆ ಹೊಡೆಯಬೇಕು, ಕಳೆ ಕೀಳಬೇಕು, ಬಗ್ಗಿ ಕೊಯ್ಯಬೇಕು, ಕಣದಲ್ಲಿ ಗುಂಡು ಹೊಡೆಸಿ ತೂರಬೇಕು. ನೆಲದೊಳಗಿನ ಹಗೇವಿಗೆ ರಾಗಿ ತುಂಬಬೇಕು, ಬೇಕಾದಾಗ ಇಳಿದು ತೆಗೆಯಬೇಕು. ಆಮೇಲೆ ಕೋಳಿ ಕೂಗುವ ಮೊದಲೇ ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂರಬೇಕು. ನೀರು ಸೇದಿ ಹೊತ್ತು ತರಬೇಕು, ಸೌದೆ ಆಯಬೇಕು, ಕುದಿಯುವ ಹಿಟ್ಟನ್ನು ಕೋಲಿನಿಂದ ತಿರುವಬೇಕು. ಆಗ ಯಾರಿಗೂ 'ವ್ಯಾಯಾಮ' ಎಂಬ ಮಾತೇ ಬೇಕಾಗಿರಲಿಲ್ಲ. ಹಿಟ್ಟು ತಿಂದವನು ಬೆಟ್ಟ ಕಿತ್ತಾನು ಎಂಬ ಗಾದೆಯಲ್ಲಿ ಬೆಟ್ಟ ಕೀಳುವ ಕೆಲಸವೂ ಇದೆ ಎಂಬುದನ್ನು ನಾವು ಮರೆಯುತ್ತೇವೆ.

ಹಾಗೆಂದು ಆ ಕಾಲವನ್ನು ಹೊಗಳಲು ನನಗೆ ಮನಸ್ಸಿಲ್ಲ. 1876ರಿಂದ 1878ರವರೆಗಿನ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಅಂದಿನವರ ಮೈ ತೆಳ್ಳಗಿದ್ದುದಕ್ಕೆ ಆರೋಗ್ಯವೊಂದೇ ಕಾರಣವಲ್ಲ, ಹಸಿವೂ ಕಾರಣ.

ಈ ಹಸಿವಿಗೆ ಉತ್ತರವಾಗಿ ಬಂದದ್ದು ನೀರು. ಕನ್ನಂಬಾಡಿಯ ಬಳಿ ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಯಿತು. ಮುಂದೆ ವಿಶ್ವೇಶ್ವರಯ್ಯ ನಾಲೆ ಎನಿಸಿದ ಇರ್ವಿನ್ ನಾಲೆಯಲ್ಲಿ 1930ರ ದಶಕದಲ್ಲಿ ನೀರು ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ನಾಲೆಯ ನೀರು ಎಲ್ಲರ ಹೊಲಕ್ಕೂ ಹತ್ತಲಿಲ್ಲ; ಹತ್ತಿದ ಕಡೆ ಭತ್ತ ಬಂತು, ಕಬ್ಬು ಬಂತು, ಆಲೆಮನೆಯ ಹೊಗೆ ಎದ್ದಿತು. ಹಬ್ಬದ ದಿನದ ಅನ್ನ ಮೆಲ್ಲನೆ ದಿನದ ಅನ್ನವಾಯಿತು, ಬೆಲ್ಲ ಸಕ್ಕರೆಗಳು ಕೈಗೆಟುಕಿದವು. ರಾಗಿಯೂ ಸೋಲಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿ 'ಇಂಡಾಫ್' ತಳಿಗಳನ್ನು ರೂಪಿಸಿ ಇಳುವರಿ ಹೆಚ್ಚಿಸಿದರು. ಕಣಜ ತುಂಬಿತು. ಅದೇ ಹೊತ್ತಿಗೆ ಹಿಟ್ಟಿನ ಮಿಲ್ಲು ಬಂತು, ಪಂಪು ಬಂತು, ಬಸ್ಸು ಬಂತು, ಟ್ರ್ಯಾಕ್ಟರು ಬಂತು. ಬೀಸುವ ಕಲ್ಲು ಹಿತ್ತಿಲು ಸೇರಿತು. ಹೆಂಗಸರ ಬೆನ್ನಿನ ಮೇಲಿನ ಭಾರ ಅಷ್ಟರಮಟ್ಟಿಗೆ ಇಳಿಯಿತು, ಅದು ಒಳ್ಳೆಯದೇ ಆಯಿತು. ಆದರೆ ಮುದ್ದೆ ಕಟ್ಟುವ ಕೈಯ ಅಳತೆ ಮಾತ್ರ ಹಳೆಯದೇ ಉಳಿಯಿತು.

ದುಡಿಮೆ ತಗ್ಗಿದಾಗ ಹಸಿವೂ ತಾನಾಗಿ ತಗ್ಗುವುದಿಲ್ಲವೆ? ಇದಕ್ಕೆ ಉತ್ತರ ನಮ್ಮ ದೇಶದಲ್ಲೇ ದೊರೆಯಿತು. ಜೀನ್ ಮೇಯರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯ 213 ಮಂದಿಯ ಊಟ, ತೂಕ, ಕೆಲಸಗಳನ್ನು ಅಳೆದು 1956ರಲ್ಲಿ ಪ್ರಕಟಿಸಿದರು. ಮೂಟೆ ಹೊರುವಂತಹ ಕಠಿಣ ಕೆಲಸದವರು ಹೆಚ್ಚು ಉಂಡರೂ ತೆಳ್ಳಗಿದ್ದರು. ಕುಳಿತೇ ಇರುವ ಅಂಗಡಿಯವರು, ಮೇಲ್ವಿಚಾರಕರು ಕಡಿಮೆ ಉಣ್ಣುತ್ತಿರಲಿಲ್ಲ; ಅವರ ತೂಕವೂ ಹೆಚ್ಚಾಗಿತ್ತು. ಅಂದರೆ ದುಡಿಮೆ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಹಸಿವು ಅದರ ಜೊತೆ ಇಳಿಯುವುದನ್ನು ನಿಲ್ಲಿಸುತ್ತದೆ. ನಮ್ಮ ಗರಡಿಮನೆಯ ಉಸ್ತಾದರು ಇದನ್ನು ಬೇರೆ ರೀತಿಯಲ್ಲಿ ಬಲ್ಲವರು. ದಂಡೆ ಬಸ್ಕಿ ಬಿಟ್ಟ ಮೇಲೂ ಹಾಲು ತುಪ್ಪ ಬಿಡದ ಪೈಲ್ವಾನನ ಹೊಟ್ಟೆಯನ್ನು ಅವರು ಕಂಡಿದ್ದಾರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. 'ಅನ್ನ ಬಿಟ್ಟು ಮುದ್ದೆ ತಿಂದರೆ ಸಾಕು, ಸಣ್ಣಗಾಗುತ್ತೇವೆ' ಎನ್ನುವವರಿದ್ದಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350. ಅಂತರ ಅಲ್ಪ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ, ಸುಣ್ಣದ ಅಂಶದಲ್ಲಿ. ನಾರಿನಿಂದ ಹೊಟ್ಟೆ ಬೇಗ ತುಂಬಿದಂತಾಗುತ್ತದೆ, ನಿಜ. ಆದರೆ ಎರಡು ಮುದ್ದೆ ಎರಡೇ.

ಇನ್ನು ಓಟವನ್ನೇ ನಂಬಿದವರ ಮಾತು. ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆಯ ಶಕ್ತಿಯನ್ನು ಕರಗಿಸಲು ಅರವತ್ತು ಕಿಲೋ ತೂಕದವರು ಸುಮಾರು ಒಂದೂವರೆ ಗಂಟೆ ಚುರುಕಾಗಿ ನಡೆಯಬೇಕು. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ವ್ಯಯವಾಗಬೇಕು. ನಡಿಗೆಯೊಂದರಿಂದಲೇ ಇದನ್ನು ಸಾಧಿಸುವುದು ಬಹಳ ನಿಧಾನ. ಬರೀ ಉಪವಾಸದ ದಾರಿಯೂ ಸುಗಮವಲ್ಲ. ಆಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಮೈ ಖರ್ಚು ತಗ್ಗಿಸಿಕೊಳ್ಳುತ್ತದೆ, ಊಟ ಮತ್ತೆ ಶುರುವಾದೊಡನೆ ತೂಕ ಹಿಂತಿರುಗುತ್ತದೆ. ಬೆಳೆಯುವ ವಯಸ್ಸಿನ ಹೆಣ್ಣುಮಕ್ಕಳು ಊಟ ಬಿಟ್ಟರೆ ರಕ್ತಹೀನತೆಗೂ ದಾರಿಯಾಗುತ್ತದೆ. ಹೀಗಾಗಿ ಅನ್ನ, ಸಕ್ಕರೆ, ಎಣ್ಣೆಗಳಲ್ಲಿ ಸ್ವಲ್ಪ ಕಡಿತ, ಬೇಳೆಸೊಪ್ಪಿನ ಸಾರು ಮತ್ತು ಕಾಳುಗಳಿಗೆ ಹೆಚ್ಚು ಜಾಗ, ಜೊತೆಗೆ ದಿನವೂ ಮೈಮುರಿಯುವ ಕೆಲಸ: ಇವು ಕೂಡಿಯೇ ಬರಬೇಕು.

ಕೂಡಿಸಿ ನೋಡಿದ ಪ್ರಯೋಗಗಳೂ ನಡೆದಿವೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಜನರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಮಿತವಾದ ಊಟ ಮತ್ತು ವಾರಕ್ಕೆ 150 ನಿಮಿಷಗಳ ವ್ಯಾಯಾಮ ಎರಡನ್ನೂ ಅನುಸರಿಸಿದವರು ಸರಾಸರಿ 5.6 ಕಿಲೋ ಇಳಿದರು. ಅವರಲ್ಲಿ ಕಾಯಿಲೆ ನೂರಕ್ಕೆ 58ರಷ್ಟು ತಗ್ಗಿತು. ಚೆನ್ನೈಯಲ್ಲಿ 531 ಜನರ ಮೇಲೆ ನಡೆದ ಭಾರತೀಯ ಅಧ್ಯಯನ 2006ರಲ್ಲಿ ಹೊರಬಂತು. ಅಲ್ಲಿ ಊಟ ಮತ್ತು ನಡಿಗೆಗಳನ್ನು ತಿದ್ದಿಕೊಂಡವರ ತೂಕ ಹೆಚ್ಚೇನೂ ಇಳಿಯಲಿಲ್ಲ. ಆದರೂ ಅವರಲ್ಲಿ ಸಕ್ಕರೆ ಕಾಯಿಲೆ ನೂರಕ್ಕೆ ಸುಮಾರು 28ರಷ್ಟು ಕಡಿಮೆಯಾಯಿತು.