ಅಜ್ಜ ತೋಡಿದ ಗುಂಡಿ

ಹಂಪಿ ಎಲ್ಲರಿಗೂ ಗೊತ್ತು. ಹೊಸಪೇಟೆ, ಸಂಡೂರೂ ಗೊತ್ತು. ಬಂಡ್ರಿ ಅಂದ ಕೂಡಲೇ ಮಾತ್ರ "ಅದೆಲ್ಲಿ ಬರುತ್ತೆ?" ಅಂತಾರೆ. ಸಂಡೂರು ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿದೆ. ಇತ್ತ ಕೂಡ್ಲಿಗಿ, ಅತ್ತ ಯಶವಂತನಗರ. 2021ರಲ್ಲಿ ಜಿಲ್ಲೆ ಒಡೆದಾಗ ಹೊಸಪೇಟೆ, ಕೂಡ್ಲಿಗಿ ಎರಡೂ ವಿಜಯನಗರಕ್ಕೆ ಹೋದವು, ಸಂಡೂರಿನ ಜೊತೆ ನಮ್ಮ ಬಂಡ್ರಿ ಬಳ್ಳಾರಿಯಲ್ಲೇ ಉಳಿಯಿತು. ನಮ್ಮ ಅಂದೆನಲ್ಲ, ಅದು ನನ್ನ ತಾಯಿಯ ತವರು. ಬೇಸಿಗೆ ರಜೆ ಪೂರ್ತಿ ಅಲ್ಲೇ ಕಳೀತಿದ್ದುದರಿಂದ ನಮ್ಮ ಅನ್ನೋ ಹಕ್ಕು ನನಗಿದೆ ಅಂದುಕೊಂಡಿದ್ದೀನಿ :)

ಅಜ್ಜನ ಮನೆಯ ತಲಬಾಗಿಲಿಗೆ ಒಂದು ಕರಿ ಕಲ್ಲನ್ನು ಒತ್ತಾಗಿ ಇಡುತ್ತಿದ್ದರು, ಗಾಳಿಗೆ ಕದ ಬಡಿದುಕೊಳ್ಳಬಾರದು ಅಂತ. ತೆಂಗಿನಕಾಯಿಯಷ್ಟೇ ಗಾತ್ರ, ಆದರೆ ಎತ್ತೋಕೆ ಹೋದರೆ ಎರಡೂ ಕೈ ಬೇಕು. ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತಿತ್ತು. ಆ ಮಸಿಯಲ್ಲಿ ನಾನು ಸುಣ್ಣದ ಗೋಡೆ ಮೇಲೆ ನನ್ನ ಹೆಸರು ಬರೆದು ಅಜ್ಜಿಯ ಕೈಲಿ ಬೈಸಿಕೊಂಡಿದ್ದೆ. ಅದು ಮ್ಯಾಂಗನೀಸ್ ಅದಿರು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಅದನ್ನು ಅಗೆದು ತಂದಿದ್ದು ಸ್ವತಃ ಅಜ್ಜ.

ಕಳೆದ ದೀಪಾವಳಿಗೆ ಹೋದಾಗ ಆ ಕಲ್ಲು ಇನ್ನೂ ಅಲ್ಲೇ ಇತ್ತು. ಈ ಬರಹ ಅದರ ಜಾತಕ ಅಂದುಕೊಳ್ಳಿ.

ಅಜ್ಜ ಹೇಳುತ್ತಿದ್ದ ಪ್ರಕಾರ 1950ರ ದಶಕದ ಕೊನೆಯಲ್ಲಿ, ಯಶವಂತನಗರದ ಕಡೆಗಿರೋ ಗುಡ್ಡದ ಬುಡದಲ್ಲಿ ಯಾರೋ ಬಂದು ಡೇರೆ ಹಾಕಿದರು. ಊರಿನ ಎಂಟು ಹತ್ತು ಜನರನ್ನ ಕೂಲಿಗೆ ಕರೆದರು. ಕೆಲಸ ಏನಪ್ಪಾ ಅಂದ್ರೆ, ಗುಡ್ಡದ ಇಳಿಜಾರಿಗೆ ಅಡ್ಡವಾಗಿ ಸೊಂಟದ ಆಳಕ್ಕೆ ಕಾಲುವೆ ಥರ ತೋಡೋದು. ನಡುನಡುವೆ ಆಳು ಮುಳುಗುವಷ್ಟು ಗುಂಡಿ. ತೋಡಿದ ಗೋಡೆಯಿಂದ ಕಲ್ಲನ್ನ ಚೂರು ಚೂರಾಗಿ ಕೆತ್ತಿ, ಬಟ್ಟೆ ಚೀಲಕ್ಕೆ ತುಂಬಿ, ಮೇಲೆ ನಂಬರು ಬರೆದು ಲಾರಿಗೆ ಹಾಕುತ್ತಿದ್ದರು. ಒಂದು ಬೇಸಿಗೆ ನಡೀತು. ಮಳೆ ಶುರುವಾಗೋ ಹೊತ್ತಿಗೆ ಡೇರೆ ಕಿತ್ತು ಹೋದರು, ಮತ್ತೆ ಬರಲಿಲ್ಲ. ಅಜ್ಜನಿಗೆ ಉಳಿದಿದ್ದು ಆ ಕೂಲಿ, ಈ ಕಲ್ಲು, ಮತ್ತೆ ಗುಂಡಿಗೆ ಊರವರು ಇಟ್ಟ "ಸಾಹೇಬರ ಗುಂಡಿ" ಅನ್ನೋ ಹೆಸರು. ತೋಡಿದವನು ನಮ್ಮಜ್ಜ, ಹೆಸರು ಮಾತ್ರ ಸಾಹೇಬರದು!

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಸ್ವಲ್ಪ ಅಂದ್ರೆ 270 ಕೋಟಿ ವರ್ಷ.

ಸಂಡೂರಿನ ಗುಡ್ಡಗಳ ಕಲ್ಲಿಗೆ ಹತ್ತಿರ ಹತ್ತಿರ ಅಷ್ಟು ವಯಸ್ಸು. ಆಗ ಇಲ್ಲಿ ಸಮುದ್ರ, ಸಮುದ್ರದ ತಳದಲ್ಲಿ ಜ್ವಾಲಾಮುಖಿ. ಪಶ್ಚಿಮದ ಅಂಚಿನಲ್ಲಿ, ಅಂದರೆ ಯಶವಂತನಗರದ ಮಗ್ಗುಲಲ್ಲಿ ಸಿಗೋ ಹಸಿರು ಛಾಯೆಯ ಕಲ್ಲುಗಳು ಆ ಲಾವಾದಿಂದ ಆದಂಥವು. ಭೂವಿಜ್ಞಾನಿಗಳು ಆ ಕಲ್ಲುಗಳ ಗುಂಪಿಗೆ ಯಶವಂತನಗರದ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿಂದ ಪೂರ್ವಕ್ಕೆ ಹೋದರೆ ದೇವಗಿರಿಯ ಗುಂಪು, ಮ್ಯಾಂಗನೀಸ್ ಇರೋದು ಮುಖ್ಯವಾಗಿ ಇದರಲ್ಲಿ. ಇನ್ನು ದೋಣಿಮಲೈ ಕಡೆಯ ಗುಡ್ಡದ ನೆತ್ತಿಗಳಲ್ಲಿ ಕೆಂಪು-ಕಪ್ಪು ಪಟ್ಟೆ ಪಟ್ಟೆಯ ಕಬ್ಬಿಣದ ಕಲ್ಲು.

ನೀರಿನಲ್ಲಿ ಕರಗಿರೋ ಕಬ್ಬಿಣ, ಮ್ಯಾಂಗನೀಸುಗಳು ಆಮ್ಲಜನಕ ಸಿಕ್ಕರೆ ತಳಕ್ಕೆ ಕೂರುತ್ತವೆ. ಆದರೆ ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಅನ್ನುವಷ್ಟು ಕಡಿಮೆ. ಹಾಗಿದ್ದರೆ ಅದು ಬಂದಿದ್ದೆಲ್ಲಿಂದ? ಒಂದು ಸುಳಿವು 1980ರ ದಶಕದಲ್ಲಿ ಸಿಕ್ಕಿತು. ಸಂಡೂರಿನ ಕಲ್ಲುಗಳಲ್ಲಿ ಸ್ಟ್ರೊಮಟೊಲೈಟ್‌ಗಳು ಸಿಕ್ಕವು. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಪಾಚಿಯ ಹಾಗೆ ಪದರ ಪದರವಾಗಿ ಬೆಳೆದು ಕಲ್ಲಾದ ಗುರುತು ಅವು. ಬಿಸಿಲು ಕುಡಿದು ಆಮ್ಲಜನಕ ಬಿಡೋ ಜೀವಿಗಳು ಆಗಲೇ ಇಲ್ಲಿ ಕೆಲಸ ಶುರು ಮಾಡಿದ್ದವು ಅಂತ ಹಲವು ವಿಜ್ಞಾನಿಗಳ ಅಂದಾಜು. ನಮ್ಮ ಬಾಗಿಲ ಒತ್ತುಗಲ್ಲಿನ ಹಿಂದೆ ಇಷ್ಟೆಲ್ಲ ಇದೆ ನೋಡಿ.

ಆದರೆ ಆ ಮೂಲ ಕಲ್ಲಿನಲ್ಲಿ ಮ್ಯಾಂಗನೀಸ್ ತೆಳ್ಳಗೆ ಹರಡಿಕೊಂಡಿರುತ್ತೆ, ಅದನ್ನ ಯಾರೂ ಕೊಳ್ಳೋದಿಲ್ಲ. ಲಕ್ಷಾಂತರ ವರ್ಷ ಮಳೆ ಬಿದ್ದು, ಉಳಿದದ್ದೆಲ್ಲ ಕರಗಿ ಹರಿದುಹೋಗಿ, ಮೇಲ್ಮೈ ಹತ್ತಿರ ಗಟ್ಟಿ ಅದಿರು ಉಳಿಯುತ್ತೆ. ಮಜಾ ಇರೋದೂ ಮೋಸ ಇರೋದೂ ಇಲ್ಲೇ. ಮೇಲೆ ನೋಡಿದರೆ ಕರಿ ಕಲ್ಲು ಮಿಂಚುತ್ತಿರುತ್ತೆ, ಇಳಿಜಾರಿನ ತುಂಬ ಚೂರು ಬಿದ್ದಿರುತ್ತೆ. ಕೆಳಗೆ ತೋಡಿದರೆ ಕೆಲವು ಕಡೆ ಹತ್ತಾರು ಅಡಿ ಅದಿರು, ಕೆಲವು ಕಡೆ ಆಳುದ್ದ ಹೋಗುವಷ್ಟರಲ್ಲಿ ಖಾಲಿ, ಬರೀ ಮೆದು ಜೇಡಿಯಂಥ ಕಲ್ಲು. ಅದಕ್ಕೇ ಅಡ್ಡ ಕಾಲುವೆ, ಅದಕ್ಕೇ ಗುಂಡಿ, ಅದಕ್ಕೇ ನಂಬರು ಹಾಕಿದ ಚೀಲ. ಅಜ್ಜ ತೋಡಿದ್ದು ಎರಡನೇ ಥರದ ಜಾಗದಲ್ಲಿ. "ಮೇಲೆ ಕಲ್ಲು, ಕೆಳಗೆ ಬೂದಿ" ಅಂತಿದ್ದ ಅಜ್ಜ. ಇದಕ್ಕಿಂತ ಚೆನ್ನಾಗಿ ಯಾವ ವರದಿಯಲ್ಲೂ ಬರೆಯೋಕಾಗಲ್ಲ.

ಸರಿ, ಈ ಅದಿರನ್ನ "ಕಂಡುಹಿಡಿದವರು" ಯಾರು?

ಪುಸ್ತಕದಲ್ಲಿ ಸಿಗೋ ಉತ್ತರ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಗುರುತಿಸಿದ ಮಹಾನುಭಾವ. ನಮ್ಮ ಈ ಹಳೇ ಕಲ್ಲುಗಳಿಗೆ ಧಾರವಾಡದ ಹೆಸರು ಕೊಟ್ಟಿದ್ದೂ ಆತನೇ. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಆತ ಬರೆದ ದೊಡ್ಡ ವರದಿ 1890ರ ದಶಕದಲ್ಲಿ ಅಚ್ಚಾಯಿತು. ಆತನಿಗಿಂತ ಸುಮಾರು ಐವತ್ತು ವರ್ಷ ಮೊದಲೇ ಮದ್ರಾಸ್ ಸೈನ್ಯದ ಅಧಿಕಾರಿ ನ್ಯೂಬೋಲ್ಡ್ ಸಂಡೂರು ಕಣಿವೆ ಸುತ್ತಾಡಿ ಬರೆದಿದ್ದ.

ಆದರೆ ಇವರಿಗಿಂತ ಬಹಳ ಮುಂಚೆಯೇ ಇಲ್ಲಿನವರು ಈ ಗುಡ್ಡಗಳ ಕೆಂಪು ಕಲ್ಲನ್ನ ಇದ್ದಿಲಿನ ಜೊತೆ ಮಣ್ಣಿನ ಕುಲುಮೆಗೆ ಹಾಕಿ, ತಿದಿ ಒತ್ತಿ ಕಬ್ಬಿಣ ತೆಗೀತಿದ್ದರಲ್ಲ! ಹಂಪಿ ಪಕ್ಕದ ಕಮಲಾಪುರದಲ್ಲಿ ಕಬ್ಬಿನ ಹಾಲು ಕಾಯಿಸೋ ದೊಡ್ಡ ದೊಡ್ಡ ಕೊಪ್ಪರಿಗೆ ಮಾಡುತ್ತಿದ್ದರು. ಇಂಗ್ಲೆಂಡಿನ ಅಗ್ಗದ ಕಬ್ಬಿಣ ಬಂದು ಆ ಕುಲುಮೆಗಳು ಆರಿಹೋದವು ಅಂತ ಬ್ರಿಟಿಷರ ಗೆಜೆಟಿಯರ್‌ಗಳೇ ಒಪ್ಪಿಕೊಳ್ಳುತ್ತವೆ. ಅಂದರೆ ಒಂದು ಕಡೆ ಸಂಡೂರಿನ ಅದಿರು ಬಹಳ ಉತ್ಕೃಷ್ಟ ಅಂತ ಸರ್ಕಾರಿ ಪುಸ್ತಕದಲ್ಲಿ ಅಚ್ಚಾಗುತ್ತಿತ್ತು. ಇನ್ನೊಂದು ಕಡೆ ಅದೇ ಅದಿರು ಕರಗಿಸಿ ಬದುಕುತ್ತಿದ್ದವರು ಕೆಲಸ ಬಿಡುತ್ತಿದ್ದರು.

ಕರಿ ಕಲ್ಲಿನ ಕತೆ ಬೇರೆ. ಅದರಿಂದ ಕೊಡಲಿ ಆಗಲ್ಲ, ಕುಡುಗೋಲೂ ಆಗಲ್ಲ. ಹಾಗಾಗಿ ಇಲ್ಲಿನ ಕುಲುಮೆಗಳಿಗೆ ಅದು ಬೇಕಿರಲಿಲ್ಲ. ಅದು ಬೇಕಾಗಿದ್ದು ಯುರೋಪಿನ ಉಕ್ಕಿಗೆ. 1856ರಲ್ಲಿ ಬೆಸೆಮರ್ ಹೊಸ ವಿಧಾನ ತಂದ ಮೇಲೆ, ಉಕ್ಕು ಬಿರಿಯದಿರಬೇಕಾದರೆ ಕರಗಿದ ಕಬ್ಬಿಣಕ್ಕೆ ಒಂದಿಷ್ಟು ಮ್ಯಾಂಗನೀಸ್ ಬೆರೆಸಬೇಕು ಅಂತಾಯಿತು. ಭಾರತದಲ್ಲಿ ಇದರ ಗಣಿಗಾರಿಕೆ ಶುರುವಾಗಿದ್ದು 1892ರಲ್ಲಿ, ಆಂಧ್ರದ ವಿಜಯನಗರಂ ಸೀಮೆಯಲ್ಲಿ (ನಮ್ಮ ವಿಜಯನಗರ ಅಲ್ಲ!). ಆಗ ಜಗತ್ತಿಗೆಲ್ಲ ಈ ಅದಿರು ಒದಗಿಸುತ್ತಿದ್ದ ದೊಡ್ಡಣ್ಣ ರಷ್ಯಾ, ಅಂದರೆ ಇವತ್ತಿನ ಜಾರ್ಜಿಯಾದ ಗಣಿಗಳು. 1904-05ರಲ್ಲಿ ರಷ್ಯಾ-ಜಪಾನ್ ಯುದ್ಧ, ಅದರ ಜೊತೆಗೆ 1905ರ ಕ್ರಾಂತಿ. ಅಲ್ಲಿನ ಅದಿರು ಬರೋದು ಏರುಪೇರಾಗಿ 1906-07ರಲ್ಲಿ ಬೆಲೆ ಗಗನಕ್ಕೆ ಹೋಯಿತು. ಯಾರೂ ಕೇಳದಿದ್ದ ಸಂಡೂರಿನ ಕರಿ ಕಲ್ಲಿಗೆ ಆಗ ಶುಕ್ರದೆಸೆ ಬಂತು. ಜನರಲ್ ಸಂಡೂರ್ ಮೈನಿಂಗ್ ಕಂಪನಿ ಬಂತು. ಗುಡ್ಡದಿಂದ ಇಳಿದ ಅದಿರು ಮೀಟರ್ ಗೇಜ್ ರೈಲು ಹತ್ತಿ ಹುಬ್ಬಳ್ಳಿ, ಲೋಂಡಾ ದಾಟಿ ಗೋವಾದ ಮುರ್ಮಗೋವಾ ಬಂದರಿಗೆ ಹೋಯಿತು.

1909ರಲ್ಲಿ ಭಾರತದ ಮ್ಯಾಂಗನೀಸ್ ಬಗ್ಗೆ ಸಾವಿರಕ್ಕೂ ಹೆಚ್ಚು ಪುಟಗಳ ಮಹಾಗ್ರಂಥ ಬರೆದವನು ಲೀ ಫರ್ಮರ್. ಸಂಡೂರಿಗೂ ಅದರಲ್ಲಿ ಜಾಗ ಇದೆ. ಅಂದ ಹಾಗೆ, ಪ್ರವಾಸ ಸಾಹಿತ್ಯದಲ್ಲಿ ಹೆಸರು ಮಾಡಿದ ಪ್ಯಾಟ್ರಿಕ್ ಲೀ ಫರ್ಮರ್ ಇವನ ಮಗ.

ಆಮೇಲಿನದ್ದು ನಿಮಗೂ ಗೊತ್ತಿರಬಹುದು. 1949ರಲ್ಲಿ ಘೋರ್ಪಡೆಯವರ ಸಂಡೂರು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1954ರಲ್ಲಿ ಸಂಡೂರ್ ಮ್ಯಾಂಗನೀಸ್ ಕಂಪನಿ ಹುಟ್ಟಿತು. ಅಜ್ಜ ಗುದ್ದಲಿ ಹಿಡಿದಿದ್ದು ಇದಾದ ಕೆಲವೇ ವರ್ಷಗಳಲ್ಲಿ. 1977ರಲ್ಲಿ ದೋಣಿಮಲೈಯಲ್ಲಿ ಎನ್‌ಎಂಡಿಸಿಯ ಕಬ್ಬಿಣದ ಗಣಿ ಬಂತು.

ಇಷ್ಟೂ ಇತಿಹಾಸದಲ್ಲಿ ನನಗೆ ಕಾಣೋದು ಒಂದೇ. ಇಲ್ಲಿ ಯಾವುದನ್ನೂ ಯಾರೂ ಹೊಸದಾಗಿ ಕಂಡುಹಿಡಿಯಲಿಲ್ಲ. ಕಲ್ಲು ಎಲ್ಲರ ಕಣ್ಣೆದುರೇ ಬಿದ್ದಿತ್ತು. ಎಲ್ಲೋ ಯುದ್ಧವಾದಾಗ, ಎಲ್ಲೋ ಉಕ್ಕಿಗೆ ಬೆಲೆ ಬಂದಾಗ ಅದು "ನಿಕ್ಷೇಪ" ಆಯಿತು. ಬೆಲೆ ಇಳಿದಾಗ ಮತ್ತೆ ಕಲ್ಲಾಯಿತು.

ಇದನ್ನ ನಾನು ಪುಸ್ತಕದಿಂದ ಕಲಿತಿದ್ದಲ್ಲ, ನನ್ನ ಸೋದರಮಾವನ ಹೊಲದಿಂದ ಕಲಿತಿದ್ದು.

2003ರ ನಂತರ ಚೀನಾದಿಂದ ಕಬ್ಬಿಣದ ಅದಿರಿಗೆ ಬೇಡಿಕೆ ಬಂತಲ್ಲ, ಆಗ ಗುಡ್ಡ ಮಾತ್ರ ಅಗೆಯಲಿಲ್ಲ. ಗುಡ್ಡದಿಂದ ಉರುಳಿ ಹೊಲಗಳ ಮಣ್ಣಿನಲ್ಲಿ ಸೇರಿಕೊಂಡಿದ್ದ ಕಲ್ಲಿನ ಚೂರಿಗೂ ಬೆಲೆ ಬಂತು. ಪಟ್ಟಾ ಜಮೀನುಗಳನ್ನೇ ಗುತ್ತಿಗೆಗೆ ಕೇಳತೊಡಗಿದರು. ಗುಡ್ಡದ ಬುಡದಲ್ಲಿ ಮಾವನಿಗೆ ಎರಡು ಎಕರೆ ಇತ್ತು, ಜೋಳ, ಶೇಂಗಾ ಬೆಳೀತಿದ್ದ. ಮೂರು ವರ್ಷ ಮಳೆ ಕೈಕೊಟ್ಟಿತ್ತು, ಮಗಳ ಮದುವೆ ಸಾಲ ಇತ್ತು. 2005ರಲ್ಲಿ ಕೊಟ್ಟ. ಜೆಸಿಬಿ ಬಂದು ಆಳುದ್ದ ಮಣ್ಣು ತಿರುವಿ ಹಾಕಿ, ಜರಡಿ ಹಿಡಿದು ಕಲ್ಲು ಆರಿಸಿಕೊಂಡು ಹೋಯಿತು. ಮೇಲಿನ ಮಣ್ಣು ಕೆಳಗೆ, ಕೆಳಗಿನ ಗರಸು ಮೇಲೆ. ಸಮ ಮಾಡಿಕೊಡ್ತೀವಿ ಅಂದಿದ್ದವರು ಮತ್ತೆ ಕಾಣಲಿಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ವಾರ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆ ಹೊತ್ತಿಗೆ ಮಾವನ ಹೊಲದಲ್ಲಿ ಬಳ್ಳಾರಿ ಜಾಲಿ ನನ್ನೆತ್ತರ ಬೆಳೆದಿತ್ತು.

ಈ ಸಲ ಮಾವನ ಜೊತೆ ಎರಡೂ ಜಾಗ ನೋಡಿ ಬಂದೆ. ಮೊದಲು ಆ ಹೊಲ. ಮಾವ ಬದುವಿನ ಮೇಲೇ ನಿಂತ, ಒಳಗೆ ಬರಲಿಲ್ಲ. ಆಮೇಲೆ ಗುಡ್ಡ ಹತ್ತಿ ಸಾಹೇಬರ ಗುಂಡಿಗೆ ಹೋದೆವು. ಗುಂಡಿ ಅರ್ಧ ಮುಚ್ಚಿದೆ. ಅಂಚಿನಲ್ಲಿ ಸೀತಾಫಲದ ಗಿಡ, ತಳದಲ್ಲಿ ಮಳೆ ನೀರು ಇನ್ನೂ ಸ್ವಲ್ಪ ನಿಂತಿತ್ತು. ಸುತ್ತ ಕುರಿ ಹೆಜ್ಜೆ.

"ಮಾವ, ಇಲ್ಲಿ ಅದಿರು ಚಲೋ ಸಿಕ್ಕಿದ್ರೆ ಏನಾಗ್ತಿತ್ತು?" ಅಂದೆ.

"ಏನಾಗ್ತಿತ್ತು, ಗುಡ್ಡ ಇರ್ತಿರಲಿಲ್ಲ" ಅಂದ. ಒಂದು ಕ್ಷಣ ಬಿಟ್ಟು, "ನಿಮ್ಮಜ್ಜಂಗೆ ಇನ್ನಷ್ಟು ದಿನ ಕೂಲಿ ಸಿಗ್ತಿತ್ತು, ಅದೂ ಖರೇನೇ" ಅಂದ.

ಆ ಎರಡನೇ ಮಾತು ನನ್ನನ್ನ ಇನ್ನೂ ಬಿಟ್ಟಿಲ್ಲ. ಬೆಂಗಳೂರಲ್ಲಿ ಕೂತು "ಅದಿರು ಸಿಗದಿದ್ದದ್ದೇ ಪುಣ್ಯ" ಅಂತ ಬರೆಯೋದು ನನಗೆ ಸುಲಭ. ಆ ಬೇಸಿಗೆ ಕೂಲಿಯಲ್ಲಿ ಮನೆ ನಡೆಸಿದ ಅಜ್ಜನಿಗೆ ಡೇರೆ ಕಿತ್ತ ದಿನ ಹಾಗನ್ನಿಸಿರಲಿಕ್ಕಿಲ್ಲ.

ಇನ್ನೊಂದು ವಿಷಯ. ಯಾವುದು ಅದಿರು, ಯಾವುದು ಬರೀ ಕಲ್ಲು ಅನ್ನೋ ಗೆರೆ ಸರಿಯುತ್ತಲೇ ಇರುತ್ತೆ. ಮೊದಲು ನೂರಕ್ಕೆ 55 ಭಾಗ ಕಬ್ಬಿಣ ಇದ್ದರೆ ಅದಿರು ಅನ್ನುತ್ತಿದ್ದರು, 2009ರಲ್ಲಿ ಅದನ್ನ 45ಕ್ಕೆ ಇಳಿಸಿದರು. ಮ್ಯಾಂಗನೀಸ್ ಈಗ ಬ್ಯಾಟರಿಗೂ ಬೇಕು. ಅಂದರೆ ಅಜ್ಜನ ಕಾಲದಲ್ಲಿ ಬೇಡ ಅಂತ ಬಿಟ್ಟುಹೋದ ಗುಂಡಿ ಕಾಯಂ ಪಾಸಾಗಿಲ್ಲ, ಕಾಯಂ ಫೇಲೂ ಆಗಿಲ್ಲ. ನಾಳೆ ಇನ್ಯಾರೋ ಬಂದು ಡೇರೆ ಹಾಕಬಹುದು. ಆಗ ಊರಿನವರನ್ನ ಕೂಲಿಗೆ ಕರೆಯೋದಕ್ಕಿಂತ ಮೊದಲು ಒಂದು ಮಾತು ಕೇಳಿದರೆ ಸಾಕು ಅಂತ ನನ್ನ ಆಸೆ.

ಹೊರಡುವಾಗ ಒತ್ತುಗಲ್ಲನ್ನ ನಾನು ಒಯ್ಯಲಾ ಅಂತ ಮಾವನನ್ನ ಕೇಳಿದೆ. "ಕದ ಬಡಕೊಳ್ತಾವ, ಇರಲಿ ಬಿಡು" ಅಂದ. ಬೆರಳಿಗೆ ಹತ್ತಿದ್ದ ಮಸಿಯನ್ನಷ್ಟೇ ತಂದೆ.

ನಿಮ್ಮ ಊರಿನ ಗುಡ್ಡದಲ್ಲೂ ಯಾರೋ ತೋಡಿ ಬಿಟ್ಟುಹೋದ ಇಂಥ ಗುಂಡಿ ಇದ್ದೇ ಇರುತ್ತೆ. ಅದನ್ನ ತೋಡಿದವರು ಯಾರಾದರೂ ಇನ್ನೂ ಇದ್ದರೆ ಒಮ್ಮೆ ಕೂತು ಕೇಳಿ, ಬರೆದಿಡಿ. ಸಾಹೇಬರ ಹೆಸರು ಹೇಗೂ ಪುಸ್ತಕದಲ್ಲಿದೆ.