ಕೂಲಿ, ಬಿಡುವು ಮತ್ತು ಒಂದು ಕಪ್: 1882–83ರ ಎಫ್.ಎ. ಕಪ್ ಋತುವಿನ ಮರುಪರಿಶೀಲನೆ

1883ರ ಮಾರ್ಚ್ 31ರಂದು ಲಂಡನ್ನಿನ ಕೆನಿಂಗ್ಟನ್ ಓವಲ್ ಮೈದಾನದಲ್ಲಿ ಉತ್ತರದ ಗಿರಣಿ ಊರಿನ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡ ಓಲ್ಡ್ ಇಟೋನಿಯನ್ಸ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಸೋಲಿಸಿ ಎಫ್.ಎ. ಕಪ್ ಗೆದ್ದಿತು. 1872ರಿಂದ ಅಲ್ಲಿಯವರೆಗೆ ನಡೆದ ಹನ್ನೊಂದು ಫೈನಲ್‌ಗಳಲ್ಲೂ ಕಪ್ ಹೋದದ್ದು ದಕ್ಷಿಣ ಇಂಗ್ಲೆಂಡಿನ ತಂಡಗಳಿಗೆ. ಸಿರಿವಂತರ ಶಾಲೆಗಳ ಹಳೆಯ ವಿದ್ಯಾರ್ಥಿಗಳು, ವಿಶ್ವವಿದ್ಯಾಲಯದವರು, ಸೇನಾಧಿಕಾರಿಗಳು ಕಟ್ಟಿದ ತಂಡಗಳವು. ಈ ಸಲ ಗೆದ್ದವರಲ್ಲಿ ನೇಕಾರರಿದ್ದರು, ನೂಲುವವರಿದ್ದರು, ಕಬ್ಬಿಣದ ಎರಕದ ಕೆಲಸಗಾರರಿದ್ದರು. ನಾಯಕ ಆಲ್ಬರ್ಟ್ ವಾರ್ಬರ್ಟನ್ ಕೊಳಾಯಿ ಕೆಲಸದವನು. ಈ ಫಲಿತಾಂಶಕ್ಕೆ ಸಾಮಾನ್ಯವಾಗಿ ಎರಡು ಕಾರಣ ಕೊಡುತ್ತಾರೆ. ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಆಟ ಒಬ್ಬನೇ ಚೆಂಡು ಹೊತ್ತೊಯ್ಯುವ ಹಳೆಯ ಆಟವನ್ನು ಮಣಿಸಿತು ಎಂಬುದು ಒಂದು. ದುಡಿಯುವ ವರ್ಗ ಧಣಿಗಳ ವರ್ಗವನ್ನು ಗೆದ್ದಿತು ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಆ ಋತುವಿನ ಹಿಂದುಮುಂದಿನ ದಾಖಲೆಗಳನ್ನು ಜೋಡಿಸಿ ನೋಡಿದರೆ ಇವೆರಡಕ್ಕೂ ಅಡಿಯಲ್ಲಿ ಇನ್ನೊಂದು ಕಾರಣ ಕಾಣುತ್ತದೆ: ಕೂಲಿಯವನ ಬಿಡುವಿಗೆ ಯಾರು ಬೆಲೆ ತೆತ್ತರು ಎಂಬುದು. ಆ ಬೆಲೆ ತೆರುವವರು ಸಿಕ್ಕ ಮೇಲೆಯೇ ಗಿರಣಿ ಊರಿನ ಆಟ ಕಪ್ ಮುಟ್ಟಿತು ಎಂಬುದು ನನ್ನ ವಾದ.

ಮೊದಲು ಆಟದ ಶೈಲಿಯ ಮಾತು. ಚೆಂಡು ದಾಟಿಸುವ ಆಟ ಉತ್ತರದವರು ಬಚ್ಚಿಟ್ಟುಕೊಂಡ ಗುಟ್ಟೇನೂ ಆಗಿರಲಿಲ್ಲ. 1870ರ ದಶಕದ ಆರಂಭದಲ್ಲೇ ರಾಯಲ್ ಎಂಜಿನಿಯರ್ಸ್ ಹೊಂದಾಣಿಕೆಯ ಆಟಕ್ಕೆ ಹೆಸರಾಗಿತ್ತು, 1875ರಲ್ಲಿ ಕಪ್ಪನ್ನೂ ಗೆದ್ದಿತ್ತು. ಸ್ಕಾಟ್ಲೆಂಡಿನ ಕ್ವೀನ್ಸ್ ಪಾರ್ಕ್ ಆಟವನ್ನೂ ಲಂಡನ್ನಿನವರು ಕಣ್ಣಾರೆ ಕಂಡಿದ್ದರು. ಒಲಿಂಪಿಕ್ ತಂಡದ ವೈಶಿಷ್ಟ್ಯ ಮೈದಾನದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊಡೆಯುವ ಉದ್ದನೆಯ ಪಾಸ್‌ನಲ್ಲಿತ್ತು. ಗೆಲುವಿನ ಗೋಲು ಬಂದದ್ದೂ ಹಾಗೆಯೇ: ಜಾನ್ ಯೇಟ್ಸ್ ಅಡ್ಡಲಾಗಿ ಕಳಿಸಿದ ಚೆಂಡನ್ನು ನೂಲುವ ಕೆಲಸದ ಜಿಮ್ಮಿ ಕಾಸ್ಟ್ಲಿ ಗೋಲಿಗೆ ಮುಟ್ಟಿಸಿದ. ಇಂಥ ಪಾಸ್ ಫಲಿಸಬೇಕಾದರೆ ಚೆಂಡು ಬೀಳುವ ಜಾಗಕ್ಕೆ ಜೊತೆಗಾರ ಮೊದಲೇ ಓಡಿರಬೇಕು. ಅದು ಕೂಡಿ ಆಡಿ ಆಡಿ ಬರುವ ಪರಿಚಯ. ಶೈಲಿಯನ್ನು ನೋಡಿ ಕಲಿಯಬಹುದು, ಅದನ್ನು ರೂಢಿಸಿಕೊಳ್ಳಲು ಮಾತ್ರ ದಿನಗಳು ಬೇಕು. ಆ ದಿನಗಳು ಗಿರಣಿಯವರ ಕೈಯಲ್ಲಿ ಇರಲಿಲ್ಲ.

ಎಷ್ಟರಮಟ್ಟಿಗೆ ಇರಲಿಲ್ಲ ಎಂಬುದಕ್ಕೆ ನಾಲ್ಕು ವರ್ಷ ಹಿಂದಿನ ಡಾರ್ವೆನ್ ಪ್ರಕರಣವೇ ಸಾಕ್ಷಿ. 1850ರ ಕಾರ್ಖಾನೆ ಕಾಯಿದೆಯ ನಂತರ ಜವಳಿ ಗಿರಣಿಗಳಲ್ಲಿ ಶನಿವಾರ ಮಧ್ಯಾಹ್ನ 2 ಗಂಟೆಗೆ ಕೆಲಸ ಮುಗಿಯತೊಡಗಿ, ಲ್ಯಾಂಕಶೈರ್ ಊರುಗಳಲ್ಲಿ ಫುಟ್ಬಾಲ್ ಬೇರುಬಿಟ್ಟಿತು. ಆದರೆ ಶನಿವಾರದ ಅರ್ಧ ದಿನದಲ್ಲಿ ಪಕ್ಕದ ಊರಿಗೆ ಹೋಗಿ ಆಡಿ ಬರಬಹುದೇ ಹೊರತು ಲಂಡನ್ನಿಗಲ್ಲ. ಬ್ಲ್ಯಾಕ್‌ಬರ್ನ್‌ಗೆ ಅಂಟಿಕೊಂಡಂತಿರುವ ಡಾರ್ವೆನ್‌ನ ಗಿರಣಿ ತಂಡ 1879ರಲ್ಲಿ ಕ್ವಾರ್ಟರ್ ಫೈನಲ್ ತಲುಪಿದಾಗ ಎದುರಾಳಿ ಇದೇ ಓಲ್ಡ್ ಇಟೋನಿಯನ್ಸ್. ಆ ಹಂತದ ಪಂದ್ಯಗಳು ಲಂಡನ್ನಿನಲ್ಲೇ ನಡೆಯಬೇಕೆಂಬುದು ನಿಯಮ. 5–1ರಿಂದ ಹಿಂದಿದ್ದ ಡಾರ್ವೆನ್ ಕೊನೆಯ ಹೊತ್ತಿನಲ್ಲಿ 5–5ಕ್ಕೆ ಸಮ ಮಾಡಿತು. ಹೆಚ್ಚುವರಿ ಅವಧಿ ಆಡೋಣವೆಂದರೆ ಇಟೋನಿಯನ್ನರು ಒಪ್ಪಲಿಲ್ಲ. ಮತ್ತೆ ಲಂಡನ್; 2–2. ಮೂರನೆಯ ಸಲವೂ ಲಂಡನ್, 6–2ರ ಸೋಲು. ಪ್ರಯಾಣದ ಖರ್ಚಿಗೆ ಊರವರಿಂದ ಚಂದಾ ಎತ್ತಬೇಕಾಯಿತು. ಈ ಮೂರು ಅಂಕಿಗಳನ್ನು ಸಾಲಾಗಿಟ್ಟು ನೋಡಬೇಕು: ಮೊದಲ ಎರಡು ಪಂದ್ಯಗಳಲ್ಲಿ ಆಟದ ಬಲದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಪ್ರತಿ ಸಲವೂ ಒಂದೇ ಊರಿಗೆ ಹೋಗಿ ಬರಬೇಕಾದವರು ಒಂದೇ ತಂಡದವರು, ಅವರ ಪ್ರತಿ ಪ್ರಯಾಣಕ್ಕೂ ಕೂಲಿ ಕಟ್ ಆಗುತ್ತಿತ್ತು. ಎಫ್.ಎ. ಕಪ್ ಇತಿಹಾಸದಲ್ಲಿ ನನಗೆ ಅತ್ಯಂತ ನೋವಿನದಾಗಿ ಕಾಣುವ ಫಲಿತಾಂಶ ಇದು.

1883ರ ಹೊತ್ತಿಗೆ ಈ ಲೆಕ್ಕ ಬದಲಾಗಿತ್ತು. ಒಲಿಂಪಿಕ್ ತಂಡಕ್ಕೆ ಎರಕದ ಕಾರ್ಖಾನೆಯ ಮಾಲೀಕ ಸಿಡ್ನಿ ಯೇಟ್ಸ್ ಹಣದ ಬೆಂಬಲವಿತ್ತು. ಶೆಫೀಲ್ಡಿನಿಂದ ಬಂದ ಇಂಗ್ಲೆಂಡ್ ಆಟಗಾರ ಜ್ಯಾಕ್ ಹಂಟರ್ ಊರಿನಲ್ಲಿ ಪಬ್ ನಡೆಸುತ್ತ ತಂಡಕ್ಕೆ ತರಬೇತಿ ಕೊಡುತ್ತಿದ್ದ. ಫೈನಲ್‌ಗೆ ಮುನ್ನ ತಂಡವನ್ನು ಸಮುದ್ರದಂಡೆಯ ಬ್ಲ್ಯಾಕ್‌ಪೂಲ್‌ಗೆ ಕರೆದೊಯ್ದು ಹಲವು ದಿನ ಅಲ್ಲೇ ಇರಿಸಲಾಯಿತು. ಅಲ್ಲಿನ ದಿನಚರಿ ಪ್ರಸಿದ್ಧವಾಗಿದೆ: ಬೆಳಗಿನ ಆರಕ್ಕೆ ಒಂದು ಗ್ಲಾಸ್ ಪೋರ್ಟ್ ವೈನ್, ಎರಡು ಹಸಿ ಮೊಟ್ಟೆ, ಆಮೇಲೆ ಮರಳಿನ ಮೇಲೆ ನಡಿಗೆ, ತಿಂಡಿಗೆ ಓಟ್ಸ್ ಗಂಜಿ ಮತ್ತು ಮೀನು, ಮಧ್ಯಾಹ್ನ ಕುರಿಯ ತೊಡೆ ಮಾಂಸ, ಸಂಜೆ ಮತ್ತೆ ಗಂಜಿ, ಹಾಲು, ರಾತ್ರಿ ತಲಾ ಅರ್ಧ ಡಜನ್ ಸಿಂಪಿ. ಈ ಊಟದ ಪಟ್ಟಿಯನ್ನು ತಮಾಷೆಯ ಸಂಗತಿಯಂತೆ ಉಲ್ಲೇಖಿಸುವುದುಂಟು. ನಾನು ಅದನ್ನು ಆರ್ಥಿಕ ದಾಖಲೆಯಾಗಿ ಓದುತ್ತೇನೆ. ಮಗ್ಗದ ಮುಂದೆ ನಿಲ್ಲಬೇಕಾದ ಮನುಷ್ಯ ವಾರದ ದಿನ ಸಮುದ್ರದಂಡೆಯಲ್ಲಿ ನಡೆಯುತ್ತಿದ್ದಾನೆ ಎಂದರೆ ಅವನ ಊಟದ ಖರ್ಚಿನ ಜೊತೆಗೆ ಅವನ ಮನೆಯ ಖರ್ಚನ್ನೂ ಯಾರೋ ನೋಡಿಕೊಂಡಿರಲೇಬೇಕು. 1882ರ ಎಫ್.ಎ. ನಿಯಮ ಪಂದ್ಯದ ನಿಜವಾದ ಖರ್ಚು ಮತ್ತು ಪಂದ್ಯದಿಂದಾಗಿ ತಪ್ಪಿದ ಕೂಲಿಯನ್ನಷ್ಟೇ ಕೊಡಲು ಬಿಟ್ಟಿತ್ತು. ಪಂದ್ಯದ ದಿನದ ಕೂಲಿಗೆ ಒಪ್ಪಿಗೆ ಇತ್ತು, ಪಂದ್ಯಕ್ಕೆ ಸಿದ್ಧವಾಗುವ ದಿನಗಳ ಕೂಲಿಗೆ ಇರಲಿಲ್ಲ. ಒಲಿಂಪಿಕ್ ಗೆದ್ದದ್ದು ನಿಯಮ ಒಪ್ಪದ ಆ ದಿನಗಳ ಬಲದಿಂದ.

ಇದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಫೈನಲ್‌ನಲ್ಲಿ ಹ್ಯಾರಿ ಗುಡ್‌ಹಾರ್ಟ್ ಗೋಲಿನಿಂದ ಮುಂದಿದ್ದದ್ದು ಇಟೋನಿಯನ್ಸ್. ದ್ವಿತೀಯಾರ್ಧದಲ್ಲಿ ಒಲಿಂಪಿಕ್‌ನ ಮ್ಯಾಥ್ಯೂಸ್ ಸಮ ಮಾಡಿದ. ಇಟೋನಿಯನ್ನರ ಮುಖ್ಯ ಆಟಗಾರ ಆರ್ಥರ್ ಡನ್ ಗಾಯಗೊಂಡು ಹೊರನಡೆದ. ಬದಲಿ ಆಟಗಾರರಿಲ್ಲದ ಕಾಲ, ಉಳಿದದ್ದು ಹತ್ತೇ ಜನ. ಹಾಗಿರುವಾಗ ತರಬೇತಿಗೆ ಇಷ್ಟು ಮಹತ್ವ ಸಲ್ಲುತ್ತದೆಯೇ? ಆ ಒಂದು ಪಂದ್ಯವನ್ನಷ್ಟೇ ಹಿಡಿದರೆ ಆಕ್ಷೇಪಕ್ಕೆ ಬಲವಿದೆ, ಒಪ್ಪುತ್ತೇನೆ. ಆದರೆ ಸೆಮಿಫೈನಲ್‌ನಲ್ಲಿ, ಎರಡು ವರ್ಷದ ಹಿಂದಷ್ಟೇ ಕಪ್ ಗೆದ್ದಿದ್ದ ಓಲ್ಡ್ ಕಾರ್ಥೂಸಿಯನ್ಸ್ ತಂಡವನ್ನು ಒಲಿಂಪಿಕ್ 4–0ರಿಂದ ಸೋಲಿಸಿತ್ತು. ಅದನ್ನು ಡನ್ ಗಾಯದಿಂದ ವಿವರಿಸಲಾಗದು. ಹೆಚ್ಚುವರಿ ಅವಧಿಗೆ ದಮ್ಮು ಉಳಿಸಿಕೊಂಡಿದ್ದವರು ಯಾರು ಎಂಬುದೂ ಮುಖ್ಯ. 1879ರಲ್ಲಿ ನಿರಾಕರಿಸಿದ್ದ ಆ ಅರ್ಧ ಗಂಟೆಯನ್ನು ಈ ಸಲ ಆಡಲಾಯಿತು, ಗೋಲು ಬಂದದ್ದು ಅದರಲ್ಲೇ.

ಇನ್ನೊಂದು ಪ್ರಶ್ನೆ ಹೀಗೆ ಬರಬಹುದು: ಬಿಡುವೇ ನಿರ್ಣಾಯಕವಾಗಿದ್ದರೆ, ಬಿಡುವು ಧಾರಾಳವಾಗಿದ್ದವರು ಸೋತದ್ದೇಕೆ? ಇಟೋನಿಯನ್ನರ ನಾಯಕ ಆರ್ಥರ್ ಕಿನೇರ್ಡ್ ಬ್ಯಾಂಕಿಂಗ್ ಮನೆತನದವರು, ಅದು ಅವರ ಒಂಬತ್ತನೆಯ ಫೈನಲ್. ಗೋಲ್‌ಕೀಪರ್ ರಾಲಿನ್‌ಸನ್ ಮುಂದೆ ಸಂಸದರಾದರು, ಗುಡ್‌ಹಾರ್ಟ್ ಎಡಿನ್‌ಬರೋದಲ್ಲಿ ಪ್ರಾಧ್ಯಾಪಕರಾದರು. ಇಂಥವರಿಗೆ ಆಟ ಬದುಕಿನ ಹಲವು ಹವ್ಯಾಸಗಳಲ್ಲಿ ಒಂದು. ಆಟಕ್ಕಾಗಿ ವಾರಗಟ್ಟಲೆ ಕೂಡಿ ಸಾಧನೆ ಮಾಡುವುದು ಹವ್ಯಾಸಿಯ ಘನತೆಗೆ ತಕ್ಕುದಲ್ಲ ಎಂಬ ಭಾವನೆ ಆ ವರ್ಗದಲ್ಲಿ ಬಲವಾಗಿತ್ತು. ಬಿಡುವು ಅವರಿಗೆ ಹುಟ್ಟಿನಿಂದ ಬಂದದ್ದು, ಆದ್ದರಿಂದಲೇ ಅದನ್ನು ಲೆಕ್ಕವಿಟ್ಟು ಬಳಸುವ ಅಗತ್ಯ ಕಾಣಲಿಲ್ಲ. ದುಡ್ಡು ಕೊಟ್ಟು ಕೊಂಡ ಬಿಡುವು ಹಾಗಲ್ಲ. ಅದರ ಒಂದೊಂದು ದಿನವೂ ಆಟಕ್ಕೇ ಸಲ್ಲಬೇಕು.

ಈ ಋತುವನ್ನು ವರ್ಗದ ವಿಜಯವೆಂದು ಮಾತ್ರ ಬಣ್ಣಿಸಿದರೆ ಮುಂದಿನದು ಅರ್ಥವಾಗುವುದಿಲ್ಲ. 1884ರಲ್ಲಿ ಆಟಗಾರರಿಗೆ ಹಣ ಕೊಟ್ಟ ಆರೋಪದ ಮೇಲೆ ಪ್ರೆಸ್ಟನ್ ನಾರ್ತ್ ಎಂಡ್ ಕಪ್ಪಿನಿಂದ ಹೊರಬಿತ್ತು; ಅದರ ಮುಖ್ಯಸ್ಥ ವಿಲಿಯಂ ಸಡೆಲ್ ಆರೋಪವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. 1885ರ ಜುಲೈನಲ್ಲಿ ಎಫ್.ಎ. ವೃತ್ತಿಪರತೆಯನ್ನು ಷರತ್ತುಗಳೊಂದಿಗೆ ಕಾನೂನುಬದ್ಧಗೊಳಿಸಿತು. ಬಿಡುವಿಗೆ ಬಹಿರಂಗವಾಗಿ ಬೆಲೆ ಕಟ್ಟಲು ಅನುಮತಿ ಸಿಕ್ಕ ಮೇಲೆ ಪೈಪೋಟಿ ಕ್ಲಬ್ಬುಗಳ ಗಲ್ಲಾಪೆಟ್ಟಿಗೆಗಳ ನಡುವಿನದಾಯಿತು. ಒಲಿಂಪಿಕ್‌ನ ಊರಿನದೇ ಆದ, ಹೆಚ್ಚು ಅನುಕೂಲಸ್ಥವಾದ ಬ್ಲ್ಯಾಕ್‌ಬರ್ನ್ ರೋವರ್ಸ್ 1884, 1885, 1886ರಲ್ಲಿ ಸತತವಾಗಿ ಕಪ್ ಗೆದ್ದಿತು. 1888ರಲ್ಲಿ ಹನ್ನೆರಡು ಕ್ಲಬ್ಬುಗಳ ಫುಟ್ಬಾಲ್ ಲೀಗ್ ಶುರುವಾದಾಗ ಬ್ಲ್ಯಾಕ್‌ಬರ್ನ್‌ನಿಂದ ಸೇರಿದ್ದು ರೋವರ್ಸ್. ಆಟಗಾರರ ಸಂಬಳ ಹೊರಲಾರದೆ ಒಲಿಂಪಿಕ್ 1889ರ ಆರಂಭದಲ್ಲಿ ಮತ್ತೆ ಹವ್ಯಾಸಿ ತಂಡವಾಯಿತು, ಅದೇ ವರ್ಷ ಕ್ಲಬ್ಬನ್ನೇ ಮುಚ್ಚಿತು.