ಸಂಗಮ ಬಿಟ್ಟು ಬಂದ ಸಂಗಮೇಶ್ವರ

1956ರ ನವೆಂಬರ್ ಒಂದನೆಯ ತಾರೀಕಿನ ಬಗ್ಗೆ ಕಾಸರಗೋಡಿನ ಓದುಗರಿಗೆ ಹೊಸದಾಗಿ ಹೇಳಬೇಕಾದ್ದೇನಿಲ್ಲ. ಅದೇ ದಿನ ನಾಡಿನ ಪೂರ್ವದ ಅಂಚಿನಲ್ಲಿಯೂ ಒಂದು ಗೆರೆ ಬಿತ್ತು. ಅದರ ಸುದ್ದಿ ಪಡುವಣ ಕರಾವಳಿಗೆ ಅಷ್ಟಾಗಿ ಮುಟ್ಟಿದಂತಿಲ್ಲ. ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದರ ಗದ್ವಾಲ, ಆಲಂಪುರ ತಾಲೂಕುಗಳು ಮಾತ್ರ ಕಳಚಿಕೊಂಡು ಮೆಹಬೂಬನಗರ ಜಿಲ್ಲೆಯ ಜೊತೆ ಆಂಧ್ರಪ್ರದೇಶಕ್ಕೆ ಸೇರಿದವು. ಮಕ್ತಲ, ನಾರಾಯಣಪೇಟೆಗಳು ಮೊದಲಿನಿಂದಲೂ ಮೆಹಬೂಬನಗರದವೇ. ಆಡುವ ಮಾತಿನ ಲೆಕ್ಕ ಹಿಡಿದರೆ ಗದ್ವಾಲ, ಆಲಂಪುರಗಳು ತೆಲುಗಿನ ಊರುಗಳೇ ಹೌದು. ಆ ನಿರ್ಧಾರದ ಮೇಲೆ ತಕರಾರು ಎತ್ತುವುದಕ್ಕೆ ಈ ಬರಹ ಹೊರಟಿಲ್ಲ. ಚಂದ್ರಗಿರಿ ಹೊಳೆಯ ಆಚೆ ಈಚೆ ಎಂಬ ಮಾತನ್ನು ಕೇಳುತ್ತ ಬೆಳೆದವರಿಗೆ ಕೃಷ್ಣೆಯ ಆಚೆ ಈಚೆಯ ಕಥೆ ಬೇಗ ಅರ್ಥವಾದೀತು ಎಂಬ ಧೈರ್ಯದಿಂದ ಇಷ್ಟು ಪೀಠಿಕೆ.

ನಾನು ಮಕ್ತಲದ ಕಡೆಯ ಮನುಷ್ಯ. ಭೀಮೆ ಬಂದು ಕೃಷ್ಣೆಯನ್ನು ಕೂಡುವ ತಂಗಡಿ ನಮಗೆ ದೂರವಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಕಚೇರಿಯ ಹಳೆಯ ಕಾಗದಗಳಲ್ಲಿ ಉರ್ದು. ಚಿತ್ರಕಲೆ ಕಲಿಯಲು ಕಲಬುರಗಿಗೆ ಹೋದೆ. ಅಲ್ಲಿ ನಮಗೊಂದು ಪಾಠವಿತ್ತು: ರಜೆಯಲ್ಲಿ ನಿಮ್ಮ ನಿಮ್ಮ ಊರ ಕಡೆಯ ಕಲಾಪ್ರದರ್ಶನಗಳನ್ನು ನೋಡಿ, ಗೀಚುಪುಸ್ತಕದಲ್ಲಿ ಬರೆದು, ಬರೆಯುವುದೆಂದರೆ ಚಿತ್ರಿಸಿ, ತರಬೇಕು. ಬೆಂಗಳೂರು, ಹೈದರಾಬಾದಿನ ಹುಡುಗರಿಗೆ ಇದು ಸುಲಭ. ಮಕ್ತಲದಲ್ಲಿ ಕಲಾಪ್ರದರ್ಶನ ಎಲ್ಲಿಂದ ಬರಬೇಕು?

ಆದರೆ ಗೋಡೆಗಳು ಬರಿದಾಗಿರಲಿಲ್ಲ. ಕಿರಾಣಿ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ದೇವರ ಕ್ಯಾಲೆಂಡರುಗಳು ತೂಗುತ್ತಿದ್ದವು. ಆ ಬಗೆಯ ಚಿತ್ರಗಳಿಗೆ ಮಾದರಿ ಹಾಕಿಕೊಟ್ಟವರಲ್ಲಿ ಒಬ್ಬರು ನಮ್ಮ ಕಲಬುರಗಿಯವರೇ, 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು. ಮುಂಬಯಿಯಲ್ಲಿ ಸಿನಿಮಾದ ಪೋಸ್ಟರು, ಕ್ಯಾಲೆಂಡರು ಬರೆದು ಹೆಸರಾದವರು. ತರಗತಿಯಲ್ಲಿ ಕ್ಯಾಲೆಂಡರ್ ಕಲೆ ಎಂದರೆ ಮೂಗು ಮುರಿಯುವ ವಾಡಿಕೆಯಿತ್ತು. ಪಂಡಿತರ ಕೈಯಲ್ಲಿ ಮೈಬಣ್ಣ ಹೊಳೆಯುವ ಬಗೆಯನ್ನು ಕಂಡವರು ಆ ಮೂಗನ್ನು ಬೇಗ ನೆಟ್ಟಗೆ ಮಾಡಿಕೊಳ್ಳುತ್ತಾರೆ ಎಂದು ನನ್ನ ಅಭಿಪ್ರಾಯ. ಹಿರಿಯರ ಬಾಯಲ್ಲಿ ಪ್ರದರ್ಶನವೆಂದರೆ ನುಮಾಯಿಷ್. 1938ರಲ್ಲಿ ಹೈದರಾಬಾದಿನ ಬಾಗೇ ಆಮ್ ಉದ್ಯಾನದಲ್ಲಿ ಉಸ್ಮಾನಿಯಾ ಪದವೀಧರರು ಸಂಸ್ಥಾನದ ತಯಾರಿಕೆಗಳನ್ನು ತೋರಿಸಲೆಂದು ತೊಡಗಿಸಿದ್ದು. ‘ಮುಲ್ಕಿ’ ಎಂಬ ಶಬ್ದ ಅದರ ಹೆಸರಿನಲ್ಲೇ ಇತ್ತು. 1946ರಲ್ಲಿ ನಾಂಪಲ್ಲಿ ಮೈದಾನಕ್ಕೆ ಬಂತು. ಈಗಲೂ ಜನವರಿಯಲ್ಲಿ ಅಲ್ಲಿಯೇ ನಡೆಯುತ್ತದೆ.

ಅಂತೂ ನಾನು ಗದ್ವಾಲಕ್ಕೆ ಹೋದೆ.

ಗದ್ವಾಲದ ಕೋಟೆ ಮಣ್ಣಿನದು. ಕಟ್ಟಿಸಿದವನು ಸೋಮನಾದ್ರಿ ಎಂದು ಜನ ಕರೆಯುವ ಪೆದ್ದ ಸೋಮಭೂಪಾಲ. ನಿಜಾಮರ ಅಧೀನದಲ್ಲಿದ್ದರೂ ಈ ಸಂಸ್ಥಾನ ಪಂಡಿತರನ್ನೂ ಕವಿಗಳನ್ನೂ ಕರೆದು ಸತ್ಕರಿಸಿ ‘ವಿದ್ವದ್ಗದ್ವಾಲ’ ಎನಿಸಿಕೊಂಡಿತ್ತು. ಕೊನೆಗೆ ಆಳಿದವರು ಮಹಾರಾಣಿ ಆದಿಲಕ್ಷ್ಮೀ ದೇವಮ್ಮ. ಬೇಕಲದಂತೆ ಟಿಕೇಟು ಕೊಂಡು ಒಳಹೋಗಿ, ಗಾಳಿ ಕುಡಿದು ಹೊರಬರುವ ಕೋಟೆಯಲ್ಲ ಇದು. ಒಳಗೆ ಚೆನ್ನಕೇಶವನ ಗುಡಿ. ಅದರ ಆಸುಪಾಸಿನಲ್ಲೇ ರಾಣಿಯ ಹೆಸರಿನ ಸರಕಾರಿ ಕಾಲೇಜು. ಸೈಕಲ್ಲು, ಹಾಲಿನ ಕ್ಯಾನು, ಮದುವೆಯ ದಿಬ್ಬಣ ಎಲ್ಲವೂ ಕೋಟೆಬಾಗಿಲಲ್ಲಿ ನುಗ್ಗುತ್ತವೆ. ಮಣ್ಣು ಪ್ರತಿ ಮಳೆಗೂ ಇಷ್ಟಿಷ್ಟೇ ಕರಗುತ್ತದೆ. ಕುಸಿದ ಗೋಡೆಯನ್ನು ಚಿತ್ರಿಸುವುದು ವಿದ್ಯಾರ್ಥಿಗೆ ಒಳ್ಳೆಯ ಅಭ್ಯಾಸ, ನೇರ ಗೆರೆ ಒಂದೂ ಬೇಕಾಗುವುದಿಲ್ಲ!

ಮಗ್ಗದ ಮನೆಗಳಲ್ಲಿ ಹೆಚ್ಚು ದಿನ ಕಳೆದೆ. ಗದ್ವಾಲದ ಸೀರೆಗೆ ಮೈ ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆ ಜರಿಯವು. ಹತ್ತಿಯ ಹೊಕ್ಕಿಗೂ ರೇಷ್ಮೆಯ ಹೊಕ್ಕಿಗೂ ಬೇರೆ ಬೇರೆ ಲಾಳಿ. ಅವೆರಡೂ ಅಂಚಿನ ಗಡಿಯಲ್ಲಿ ಒಂದನ್ನೊಂದು ಹಿಡಿದುಕೊಂಡು ಹಿಂತಿರುಗಬೇಕು. ಈ ಕಾರಣಕ್ಕೆ ಎದುರುಬದುರು ಇಬ್ಬರು ಕೂತು ಕೈಗೂಡಿಸುವುದೂ ಉಂಟು. ತಿರುಮಲದ ಬ್ರಹ್ಮೋತ್ಸವಕ್ಕೆ ಪ್ರತಿವರ್ಷ ಜೋಡು ಪಂಚೆ ಹೋಗುವುದು ಇಲ್ಲಿನ ಮಗ್ಗದಿಂದಲೇ. ನೇಯುವವರು ಅಷ್ಟು ದಿನ ವ್ರತದಲ್ಲಿರುತ್ತಾರೆ. ಆಚೆ ದಡದ ನಾರಾಯಣಪೇಟೆಯ ಸೀರೆಯದು ಬೇರೆಯೇ ಜಾಯಮಾನ. ಚೌಕಳಿ, ದಟ್ಟ ಬಣ್ಣ, ಮರಾಠಿ ಛಾಯೆ. ಶಿವಾಜಿಯ ದಂಡು ಬೀಡುಬಿಟ್ಟು ಹೋದಾಗ ಹಿಂದುಳಿದ ನೇಕಾರರಿಂದ ಶುರುವಾಯಿತೆಂಬ ಐತಿಹ್ಯವನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಗದ್ವಾಲ ಸೀರೆಗೆ ಭೌಗೋಳಿಕ ಗುರುತಿನ ನೋಂದಣಿ ದೊರೆತದ್ದು 2010ರಲ್ಲಿ. ಅಷ್ಟರಲ್ಲಿ ನಾನು ಚಿತ್ರಿಸಿಕೊಂಡಿದ್ದ ಎಷ್ಟೋ ಮನೆಗಳ ಮಗ್ಗದ ಗುಂಡಿಗೆ ಮಣ್ಣು ತುಂಬಿ, ಮೇಲೆ ಗಾರೆ ಬಳಿದು, ಟೀವಿ ಇಟ್ಟಿದ್ದರು. ಪೇಟೆಯಲ್ಲಿ ಗಾಜಿನ ಕಪಾಟಿನ ಸೀರೆಯಂಗಡಿಗಳು ಹೆಚ್ಚಿದವು. ಮೊದಲು ಗಿರಾಕಿ ಮಗ್ಗದ ಬಳಿಗೆ ಬಂದು ನೆಲದ ಮೇಲೆ ಕೂರುತ್ತಿದ್ದ. ಈಗ ಸೀರೆ ಗಿರಾಕಿಯ ಬಳಿಗೆ ಹೋಗಿ ಟ್ಯೂಬ್‌ಲೈಟಿನ ಕೆಳಗೆ ನಿಲ್ಲುತ್ತದೆ.

ಊರು ಬದಲಾಗಲು ನೀರೂ ಕಾರಣ. ಗದ್ವಾಲದಿಂದ ಸ್ವಲ್ಪ ಮೇಲಕ್ಕೆ, ಜೂರಾಲದಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿಗೆ 1981ರಲ್ಲಿ ಶಂಕುಸ್ಥಾಪನೆಯಾಯಿತು. ನೀರು ನಿಂತದ್ದು 1990ರ ದಶಕದ ನಡುವಿನಲ್ಲಿ. ಸುಮಾರು ಒಂದು ಲಕ್ಷ ಎಕರೆಗೆ ನೀರುಣಿಸುವ ಯೋಜನೆ. ಹಿನ್ನೀರು ಮಕ್ತಲದ ಹೊಲಗಳನ್ನೂ ರಾಯಚೂರು ಜಿಲ್ಲೆಯ ನೆಲವನ್ನೂ ಮುಟ್ಟಿತು. ಕಟ್ಟೆಯ ಮೇಲಿನ ರಸ್ತೆ ಮಕ್ತಲಕ್ಕೂ ಗದ್ವಾಲಕ್ಕೂ ಸೇತುವೆಯಾಯಿತು. ಇಂದು ಭಾನುವಾರ ಅಲ್ಲಿಗೆ ಹೋದರೆ ಹುರಿದ ಮೀನಿನ ಅಂಗಡಿಗಳ ಮುಂದೆ ಎರಡೂ ರಾಜ್ಯದ ಮೋಟಾರು ಬೈಕುಗಳು. 2013ರಲ್ಲಿ ಗದ್ವಾಲ–ರಾಯಚೂರು ರೈಲು ಬಂತು. 2016ರಲ್ಲಿ ಗದ್ವಾಲ ಜಿಲ್ಲಾಕೇಂದ್ರವಾಯಿತು, 2019ರಲ್ಲಿ ನಾರಾಯಣಪೇಟೆ.

ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ನೆಲವನ್ನು ಇಲ್ಲಿಯವರು ನಡಿಗಡ್ಡ ಎನ್ನುತ್ತಾರೆ. ಅದರ ತುದಿಯಲ್ಲಿ ತುಂಗಭದ್ರೆಯ ಎಡದಂಡೆಗೆ ಆಲಂಪುರ. ನನ್ನ ಗೀಚುಪುಸ್ತಕಕ್ಕೆ ನಿಜವಾದ ಪ್ರದರ್ಶನ ಸಿಕ್ಕಿದ್ದು ಅಲ್ಲಿ. ಬಾದಾಮಿ ಚಾಲುಕ್ಯರ ಏಳು, ಎಂಟನೆಯ ಶತಮಾನದ ನವಬ್ರಹ್ಮ ಗುಡಿಗಳು, ಎಲ್ಲವೂ ಶಿವನವು. ಪಟ್ಟದಕಲ್ಲಿನ ಗಳಗನಾಥನನ್ನು ನೋಡಿದ ಕಣ್ಣಿಗೆ ಇಲ್ಲಿನ ಸ್ವರ್ಗಬ್ರಹ್ಮನ ಶಿಖರ ಹಳೆಯ ಪರಿಚಯದಂತೆ ಕಾಣುತ್ತದೆ. ಊರಿನ ಶಾಸನಗಳಲ್ಲಿ, ಅದರಲ್ಲೂ ಕಲ್ಯಾಣ ಚಾಲುಕ್ಯರ ಕಾಲದವುಗಳಲ್ಲಿ, ಕನ್ನಡ ಧಾರಾಳವಾಗಿದೆ. ಅಕ್ಷರ ಕೂಡಿಸಿ ಓದುತ್ತಿದ್ದಾಗ ಕಾವಲುಗಾರ ತೆಲುಗಿನಲ್ಲಿ, ‘ಏನು ಬರೆದಿದೆ ಸ್ವಾಮಿ?’ ಎಂದು ಕೇಳಿದ. ಗೊತ್ತಾದಷ್ಟನ್ನು ತೆಲುಗಿನಲ್ಲೇ ಹೇಳಿದೆ.

ಊರ ಹೊರಗೆ ನಿಂತಿರುವ ಸಂಗಮೇಶ್ವರನ ಗುಡಿಯ ಕಥೆ ಬೇರೆ. ಅದೂ ಬಾದಾಮಿ ಚಾಲುಕ್ಯರದೇ. ಆದರೆ ಆಲಂಪುರದ್ದಲ್ಲ. ತುಂಗಭದ್ರೆ ಕೃಷ್ಣೆಯನ್ನು ಕೂಡುವ ಕೂಡವೆಲ್ಲಿಯಲ್ಲಿ ಎತ್ತರದ ಜಗಲಿಯ ಮೇಲೆ ಸಾವಿರದ ಮುನ್ನೂರು ವರ್ಷ ನಿಂತಿದ್ದು ಅದು. ಶ್ರೀಶೈಲದ ಅಣೆಕಟ್ಟಿಗೆ 1963ರಲ್ಲಿ ನೆಹರೂ ಅಡಿಗಲ್ಲಿಟ್ಟರು. ಹಿನ್ನೀರು ಕೂಡವೆಲ್ಲಿಗೂ ಬರುತ್ತದೆಂದು ಖಚಿತವಾದ ಮೇಲೆ, 1970ರ ದಶಕದ ಕೊನೆಯಿಂದ ಗುಡಿಯನ್ನು ಬಿಚ್ಚುವ ಕೆಲಸ ನಡೆಯಿತು. ಮೊದಲು ಅಳತೆಯ ನಕ್ಷೆ. ಆಮೇಲೆ ಕಲ್ಲಿಗೊಂದು ಸಂಖ್ಯೆ, ನಕ್ಷೆಯಲ್ಲೂ ಅದೇ ಸಂಖ್ಯೆ. ಮೇಲಿನ ವರಸೆಯಿಂದ ಒಂದೊಂದೇ ಇಳಿಸಿ, ಸಾಗಿಸಿ, ಕೆಳಗಿನಿಂದ ಒಂದೊಂದೇ ಏರಿಸುವುದು. ಪಾಪನಾಶಿಯ ಗುಡಿಗಳ ಗುಂಪನ್ನೂ ಹೀಗೆಯೇ ತಂದರು. ಆಲಂಪುರದ ನವಬ್ರಹ್ಮರನ್ನು ಎಬ್ಬಿಸಲಿಲ್ಲ, ನೀರು ಬಾರದಂತೆ ಗೋಡೆ ಕಟ್ಟಿದರು. ಇದೇ ಕೃಷ್ಣೆಯ ಮೇಲ್ಗಡೆ, ಕೂಡಲಸಂಗಮದಲ್ಲಿ, ಬಸವಣ್ಣನ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆಯೆತ್ತಿ ನಾರಾಯಣಪುರ ಅಣೆಕಟ್ಟಿನ ಹಿನ್ನೀರನ್ನು ತಡೆದದ್ದನ್ನು ಓದುಗರು ನೋಡಿರಬಹುದು.

ಕೆಲಸ ಅಚ್ಚುಕಟ್ಟಾಗಿಯೇ ನಡೆದಿದೆ. ವಾರಗಟ್ಟಲೆ ಅದರ ಮುಂದೆ ಕೂತು ಚಿತ್ರಿಸಿದವನ ಮಾತಿದು. ಕಲ್ಲು ಕಲ್ಲಿಗೆ ಕೂತಿದೆ. ಆದರೆ ಗುಡಿಯ ಹೆಸರು ಸಂಗಮೇಶ್ವರ, ಮತ್ತು ಎದುರಿಗೆ ಸಂಗಮವಿಲ್ಲ. ಎರಡು ಹೊಳೆ ನೋಡಲೆಂದು ಎತ್ತರಕ್ಕೇರಿಸಿದ್ದ ಆ ಜಗಲಿ ಈಗ ಹುಲ್ಲುಹಾಸನ್ನು ನೋಡುತ್ತಿದೆ. ಪ್ರದರ್ಶನಶಾಲೆಯಲ್ಲಿ ಪೀಠದ ಮೇಲಿಟ್ಟ ಮೂರ್ತಿಯ ಹಾಗೆ ಇಡೀ ಗುಡಿಯೇ ಒಂದು ವಸ್ತುವಾಯಿತು. ನಿಮ್ಮ ಜಿಲ್ಲೆಯ ಕಾನಾಯಿ ಕುಂಞಿರಾಮನ್ 1969ರಲ್ಲಿ ಮಲಂಪುಳದ ಅಣೆಕಟ್ಟಿನ ಬಳಿ ಯಕ್ಷಿಯನ್ನು ಕಡೆದರಲ್ಲ, ಅವಳು ಆ ಜಾಗಕ್ಕಾಗಿಯೇ ಹುಟ್ಟಿದವಳು. ಅವಳನ್ನು ಅಲ್ಲಿಂದ ಎತ್ತಿ ಬೇರೆಡೆ ಕೂರಿಸಿದರೆ ಹೇಗಿದ್ದೀತು ಎಂದು ಊಹಿಸಿದರೆ ನಾನು ಹೇಳುವುದು ತಿಳಿಯುತ್ತದೆ.

ಶ್ರೀಶೈಲದ ಹಿನ್ನೀರಿನಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು. ಆ ಮನೆಗಳನ್ನೂ ಅಳೆದಿದ್ದರು, ಅವಕ್ಕೂ ಸಂಖ್ಯೆ ಕೊಟ್ಟಿದ್ದರು. ಅದು ಪರಿಹಾರದ ಪಟ್ಟಿಗಾಗಿ. 1981ರಲ್ಲಿ ಏಳದೆ ಉಳಿದವರ ಮನೆಗಳನ್ನು ಕೆಡವಿ ಎಬ್ಬಿಸಲಾಯಿತು. ಗುಡಿಗೆ ಹಾಕಿದ ಸಂಖ್ಯೆ ಮತ್ತೆ ಜೋಡಿಸುವುದಕ್ಕೆ, ಮನೆಗೆ ಹಾಕಿದ ಸಂಖ್ಯೆ ಲೆಕ್ಕ ಮುಗಿಸುವುದಕ್ಕೆ. ಅಡಿಗೆಮನೆ ಎಲ್ಲಿತ್ತು, ಮಗ್ಗ ಎಲ್ಲಿತ್ತು, ಎತ್ತು ಎಲ್ಲಿ ಕಟ್ಟುತ್ತಿದ್ದರು ಎಂಬುದರ ನಕ್ಷೆ ತೆಗೆಯಲು ಅಂದು ಒಂದಿಷ್ಟು ಚಿತ್ರಕಲಾ ವಿದ್ಯಾರ್ಥಿಗಳನ್ನು ಕಳಿಸಿದ್ದರೆ ಖರ್ಚು ಪೆನ್ಸಿಲ್ಲು, ಕಾಗದ, ಬುತ್ತಿಯದಷ್ಟೇ ಆಗುತ್ತಿತ್ತು. ಕಲ್ಲನ್ನು ಉಳಿಸಬಾರದಿತ್ತು ಎನ್ನುವವನು ನಾನಲ್ಲ. ಉಳಿಸುವ ವಿದ್ಯೆ ಕೈಯಲ್ಲಿದ್ದವರು ಅದನ್ನು ಎಲ್ಲಿಗೆ ನಿಲ್ಲಿಸಿದರು ಎಂದು ಕೇಳುತ್ತಿದ್ದೇನೆ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಕರ್ನೂಲು ಮುಳುಗಿದಾಗ ಆಲಂಪುರದ ಗುಡಿಗಳಿಗೂ ನೀರು ನುಗ್ಗಿತು.

ಅದೇ ಜಲಾಶಯದ ಕೆಳಭಾಗದಲ್ಲಿ, ಕರ್ನೂಲಿನ ಕಡೆ, ಇನ್ನೊಂದು ಸಂಗಮೇಶ್ವರವಿದೆ. ಅದು ಇದ್ದಲ್ಲೇ ಮುಳುಗಿತು. ಜಲಾಶಯದ ಪೂರ್ಣಮಟ್ಟ 885 ಅಡಿ. ಬೇಸಿಗೆಯಲ್ಲಿ ನೀರು ಸಾಕಷ್ಟು ಇಳಿದ ವರ್ಷ ಮಾತ್ರ ಗುಡಿ ಹೊರಗೆ ಬರುತ್ತದೆ. ಆಗ ಜನ ದೋಣಿ ಮಾಡಿಕೊಂಡು ಹೋಗುತ್ತಾರೆ, ಕೆಸರು ತೊಳೆದು ಮರದ ಲಿಂಗಕ್ಕೆ ಪೂಜೆ ಮಾಡುತ್ತಾರೆ. ಮಹಾರಾಷ್ಟ್ರದಲ್ಲಿ ಮಳೆ ಹಿಡಿದು, ಆಲಮಟ್ಟಿ ತುಂಬಿ, ಜೂರಾಲದ ಗೇಟುಗಳು ಎದ್ದ ಸುದ್ದಿ ಬಂದರೆ ಪೂಜಾರಿ ಗಂಟೆಯನ್ನು ಬಿಚ್ಚಿಕೊಂಡು ದಡಕ್ಕೆ ಬರುತ್ತಾನೆ.